ಸುಸ್ಥಿರ ಪ್ರವಾಸೋದ್ಯಮ ಎಂದರೇನು? ಕೊಪ್ಪಳ ಜಿಲ್ಲೆ ತೋರಿಸುವ ಲಾಭಗಳು ಮತ್ತು ಮಿತಿಗಳು

ಹಂಪಿಗೆ ಹೋದವರಲ್ಲಿ ಅನೇಕರು ತುಂಗಭದ್ರೆಯ ಆಚೆ ದಡವನ್ನೂ ನೋಡಿ ಬರುತ್ತಾರೆ. ಆನೆಗೊಂದಿಯ ಕೋಟೆ ಬಾಗಿಲು, ಅಂಜನಾದ್ರಿಯ ಮೆಟ್ಟಿಲು, ಭತ್ತದ ಗದ್ದೆಗಳ ನಡುವಿನ ಬಂಡೆಗುಡ್ಡಗಳು, ಸಾಣಾಪುರ ಕೆರೆಯ ಹರಿಗೋಲು ಸವಾರಿ ಎಲ್ಲವೂ ಅಲ್ಲಿವೆ. ಆ ದಡ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ್ದು ಎಂಬುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಕಳೆದ ಎರಡೂವರೆ ದಶಕಗಳಲ್ಲಿ ಇಲ್ಲಿ ಪ್ರವಾಸೋದ್ಯಮದ ಹಲವು ದಾರಿಗಳು ಪ್ರಯೋಗಕ್ಕೆ ಬಂದಿವೆ. ಹಾಗಾಗಿ ಸುಸ್ಥಿರ ಪ್ರವಾಸೋದ್ಯಮವನ್ನು ಅರ್ಥ ಮಾಡಿಕೊಳ್ಳಲು ಕೊಪ್ಪಳ ಒಳ್ಳೆಯ ಉದಾಹರಣೆ.

ಸುಸ್ಥಿರ ಎಂದರೆ ಏನು?

ಪ್ರವಾಸಿಗರಿಂದ ಪರಿಸರದ ಮೇಲೆ, ಊರಿನ ಜನಜೀವನದ ಮೇಲೆ ಮತ್ತು ಹಣಕಾಸಿನ ಮೇಲೆ ಆಗುವ ಪರಿಣಾಮಗಳನ್ನು ಒಟ್ಟಿಗೆ ಲೆಕ್ಕ ಹಾಕಿ ನಡೆಸುವ ಪ್ರವಾಸೋದ್ಯಮವೇ ಸುಸ್ಥಿರ ಪ್ರವಾಸೋದ್ಯಮ. ಇಂದಿನ ಲಾಭಕ್ಕಾಗಿ ನಾಳೆ ನೋಡಲು ಏನೂ ಉಳಿಯದಂತೆ ಮಾಡಬಾರದು ಎಂಬುದು ಇದರ ತಿರುಳು. ವಿಶ್ವಸಂಸ್ಥೆ 2017ನ್ನು ಇದೇ ವಿಷಯದ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತ್ತು. ಇದನ್ನು ಸಾಧಿಸಲು ಒಂದೇ ದಾರಿ ಇಲ್ಲ. ಕೊಪ್ಪಳದಲ್ಲಿ ಕಾಣುವ ನಾಲ್ಕು ದಾರಿಗಳನ್ನು ನೋಡೋಣ.

1. ಕಾನೂನಿನ ಮೂಲಕ ನಿಯಂತ್ರಣ

ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆನೆಗೊಂದಿ ಬಳಿ ನದಿಗೆ ಕಟ್ಟುತ್ತಿದ್ದ ಸೇತುವೆ ಮುಂತಾದ ಕಾಮಗಾರಿಗಳಿಂದಾಗಿ 1999ರಲ್ಲಿ ಹಂಪಿ 'ಅಪಾಯದಲ್ಲಿರುವ ಪರಂಪರೆ' ಪಟ್ಟಿಗೆ ಹೋಯಿತು. 2006ರಲ್ಲಿ ಅದರಿಂದ ಹೊರಬಂತು. ಈ ನಡುವೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ನದಿಯ ಎರಡೂ ದಡಗಳಲ್ಲಿ ಸುಮಾರು 236 ಚದರ ಕಿ.ಮೀ. ಪ್ರದೇಶ ಅದರ ವ್ಯಾಪ್ತಿಯಲ್ಲಿದೆ.

ಲಾಭ ಸ್ಪಷ್ಟ. ನಿಯಮಗಳಿಲ್ಲದಿದ್ದರೆ ಸ್ಮಾರಕಗಳ ಪಕ್ಕದಲ್ಲೇ ಬಹುಮಹಡಿ ಹೋಟೆಲುಗಳು ಏಳುತ್ತಿದ್ದವು. ಆದರೆ ಮಿತಿಯೂ ಅಷ್ಟೇ ಸ್ಪಷ್ಟ. ವಿರೂಪಾಕ್ಷ ದೇವಾಲಯದ ಎದುರು ದಡದ ವಿರೂಪಾಪುರ ಗಡ್ಡಿ 'ಹಿಪ್ಪಿ ದ್ವೀಪ' ಎಂದೇ ವಿದೇಶಿಯರಲ್ಲಿ ಹೆಸರಾಗಿತ್ತು. ಅಲ್ಲಿನ ರೆಸಾರ್ಟ್ ಮತ್ತು ಹೋಟೆಲುಗಳು ಅಕ್ರಮ ಎಂದು 2015ರಲ್ಲಿ ಹೈಕೋರ್ಟ್ ಹೇಳಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಕಟ್ಟಡಗಳು ನೆಲಸಮವಾದವು. ಮಾಲೀಕರ ಜೊತೆಗೆ ಅಡುಗೆಯವರು, ಆಟೋ ಚಾಲಕರು, ಹರಿಗೋಲು ನಡೆಸುವವರು ಸಹ ದುಡಿಮೆ ಕಳೆದುಕೊಂಡರು. ಬರುವ ಪ್ರವಾಸಿಗರು ಮಾತ್ರ ನಿಲ್ಲಲಿಲ್ಲ. ಬೇಡಿಕೆ ಸಾಣಾಪುರ, ಆನೆಗೊಂದಿ ಸುತ್ತಲಿನ ಹೊಲಗದ್ದೆಗಳ ಕಡೆ ಸರಿಯಿತು, ಅಲ್ಲಿಯೂ ಅನುಮತಿ ಇಲ್ಲದ ತಂಗುದಾಣಗಳ ಪ್ರಶ್ನೆ ಎದ್ದಿತು. ಬೇಡ ಎನ್ನುವ ಕಾನೂನಿನ ಜೊತೆಗೆ ಎಲ್ಲಿ, ಹೇಗೆ ಮಾಡಬಹುದು ಎಂದು ಹೇಳುವ ಸರಳ ಪರವಾನಗಿ ವ್ಯವಸ್ಥೆಯೂ ಬೇಕು ಎಂಬುದು ಇದರ ಪಾಠ.

2. ಊರಿನವರೇ ನಡೆಸುವ ಪ್ರವಾಸೋದ್ಯಮ

ಆನೆಗೊಂದಿಯಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಕಿಷ್ಕಿಂದ ಟ್ರಸ್ಟ್ ಬೇರೆಯದೇ ದಾರಿ ಹಿಡಿಯಿತು. ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಅತಿಥಿಗಳಿಗೆ ತೆರೆದದ್ದು, ಗೊನೆ ಕಡಿದ ಮೇಲೆ ವ್ಯರ್ಥವಾಗುತ್ತಿದ್ದ ಬಾಳೆ ದಿಂಡಿನ ನಾರಿನಿಂದ ಚೀಲ, ಚಾಪೆ, ಬುಟ್ಟಿ ಮಾಡುವುದನ್ನು ಊರಿನ ಮಹಿಳೆಯರಿಗೆ ಕಲಿಸಿದ್ದು ಇದರ ಮುಖ್ಯ ಕೆಲಸಗಳು. ಕೊಪ್ಪಳ ಸಮೀಪದ ಕಿನ್ನಾಳದ ಬಣ್ಣದ ಮರದ ಗೊಂಬೆಗಳಿಗೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಪ್ರವಾಸಿ ಅಲ್ಲಿಗೇ ಹೋಗಿ ಕೊಂಡರೆ ಹಣ ನೇರವಾಗಿ ಕಲಾವಿದರ ಕೈ ಸೇರುತ್ತದೆ.

ಇದರ ಮಿತಿ ಗಾತ್ರದ್ದು. ನಾಲ್ಕಾರು ಕೋಣೆಗಳ ಹೋಂಸ್ಟೇ ಇಡೀ ಊರಿಗೆ ಉದ್ಯೋಗ ಕೊಡಲಾರದು. ಸೀಸನ್ ಚಳಿಗಾಲದ್ದು, ಬೇಸಿಗೆಯ ಬಿಸಿಲಿಗೆ ಬಂಡೆಗಳೇ ಕಾಯುವಾಗ ಬರುವವರು ಕಡಿಮೆ. ಮನೆ, ಜಾಗ ಇದ್ದವರಿಗೆ ಲಾಭ ಹೆಚ್ಚು, ಕೂಲಿಕಾರರಿಗೆ ಕಡಿಮೆ.

3. ನಿಸರ್ಗ ಪ್ರವಾಸ

ತುಂಗಭದ್ರಾ ನದಿಯ ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಭಾಗವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿ ಇದೆ ಎಂದರೆ ಮೀನು ಇದೆ ಎಂದರ್ಥ. ಹೀಗಾಗಿ ಅದರ ರಕ್ಷಣೆ ಮೀನುಗಾರರಿಗೂ ಲಾಭವೇ. ಆದರೆ ಪ್ರಾಣಿಯ ಹೆಸರು ಜನಪ್ರಿಯವಾದಷ್ಟೂ ಅದನ್ನು ಹತ್ತಿರದಿಂದ ನೋಡುವ ಆಸೆ ಹೆಚ್ಚುತ್ತದೆ. ಮರಿಗಳಿರುವ ಬಿಲದ ಬಳಿ ಗದ್ದಲವಾದರೆ ನೀರುನಾಯಿಗಳು ಜಾಗ ಬಿಡುತ್ತವೆ. ನಿಸರ್ಗ ಪ್ರವಾಸ ಎಂಬ ಹೆಸರೊಂದೇ ನಿಸರ್ಗವನ್ನು ಉಳಿಸುವುದಿಲ್ಲ.

4. ಜನಸಂದಣಿಯನ್ನು ಹಂಚುವುದು

'ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು' ಎಂಬ ಗಾದೆ ಈ ಭಾಗದಲ್ಲಿ ಮನೆಮಾತು. ಆದರೂ ಜನ ಸೇರುವುದು ಅಂಜನಾದ್ರಿಯಲ್ಲೇ. ಸುಮಾರು 575 ಮೆಟ್ಟಿಲುಗಳ ಈ ಬೆಟ್ಟಕ್ಕೆ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಭಕ್ತರ ಮಹಾಪೂರವೇ ಹರಿದು ಬರುತ್ತದೆ. ನೀರು, ಶೌಚಾಲಯ, ಕಸ ವಿಲೇವಾರಿ ಎಲ್ಲವೂ ಒಂದೇ ಕಡೆ ಒತ್ತಡಕ್ಕೆ ಸಿಲುಕುತ್ತವೆ.

ಅದೇ ಹೊತ್ತಿಗೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು, ಯಲಬುರ್ಗಾ ಭಾಗದ ಇಟಗಿಯಲ್ಲಿರುವ 1112ರ ಮಹಾದೇವ ದೇವಾಲಯ, ಕುಕನೂರಿನ ನವಲಿಂಗ ದೇವಾಲಯ, ಕುಷ್ಟಗಿ ತಾಲ್ಲೂಕಿನ ಪುರ ಗ್ರಾಮದ ಸೋಮೇಶ್ವರ ದೇವಾಲಯಗಳಿಗೆ ಬರುವವರು ವಿರಳ. ಶಾಸನದಲ್ಲಿ 'ದೇವಾಲಯ ಚಕ್ರವರ್ತಿ' ಎಂದು ಕರೆಸಿಕೊಂಡ ಇಟಗಿಯ ಗುಡಿಯ ಮುಂದೆ ಒಂದು ಒಳ್ಳೆಯ ಚಹಾ ಅಂಗಡಿ ನಡೆಯುವಷ್ಟು ಜನ ಬಂದರೂ ಆ ಊರಿಗೆ ಅದು ದೊಡ್ಡದೇ.

ಇಲ್ಲಿಯೂ ಎಚ್ಚರ ಬೇಕು. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಶಿಲಾ ಸಮಾಧಿಗಳು 2,000 ವರ್ಷಗಳಿಗೂ ಹಳೆಯವು. 2021ರಲ್ಲಿ ಇವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ತೆಳು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ರಚನೆಗಳಿವು. ಕಾವಲು, ಮಾರ್ಗದರ್ಶಕರು ಇಲ್ಲದೆ ಜನರನ್ನು ಕಳುಹಿಸಿದರೆ ಹಂಚಿದ್ದು ಲಾಭವಲ್ಲ, ಹಾನಿ.

ಕೆಲವು ತಪ್ಪು ಕಲ್ಪನೆಗಳು

*ಹೆಚ್ಚು ಪ್ರವಾಸಿಗರು ಬಂದಷ್ಟೂ ಊರಿಗೆ ಲಾಭ:* ಪೂರ್ತಿ ನಿಜವಲ್ಲ. ಬೆಳಿಗ್ಗೆ ಬಂದು ತಂದ ಬುತ್ತಿ ಉಂಡು ಸಂಜೆ ಹೊರಡುವವರು ಊರಿಗೆ ಬಿಡುವುದು ಹೆಚ್ಚಾಗಿ ಕಸವನ್ನೇ. ಎರಡು ರಾತ್ರಿ ತಂಗುವ ಕೆಲವೇ ಜನರಿಂದ ಹೆಚ್ಚು ಆದಾಯ ಬರಬಹುದು.

*'ಇಕೋ' ಎಂಬ ಬೋರ್ಡ್ ಇದ್ದರೆ ಪರಿಸರ ಸ್ನೇಹಿ:* ಬೋರ್ಡನ್ನು ಯಾರು ಬೇಕಾದರೂ ಹಾಕಬಹುದು. ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ, ಕೆಲಸಗಾರರು ಎಲ್ಲಿಯವರು, ಪರವಾನಗಿ ಇದೆಯೇ ಎಂದು ಕೇಳಿ.

*ಸುಸ್ಥಿರತೆ ಎಂದರೆ ಪರಿಸರ ಮಾತ್ರ:* ಅಲ್ಲ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ದಾಳಿ ದೇಶವನ್ನೇ ಬೆಚ್ಚಿಬೀಳಿಸಿತು. ಪ್ರವಾಸಿಗರಿಗೂ, ಅವರಿಗೆ ಆಶ್ರಯ ಕೊಡುವ ಊರಿನ ಮಹಿಳೆಯರಿಗೂ ಸುರಕ್ಷತೆ ಇಲ್ಲದ ಕಡೆ ಯಾವ ಪ್ರವಾಸೋದ್ಯಮವೂ ಬಾಳುವುದಿಲ್ಲ.

ನಾವೇನು ಮಾಡಬಹುದು?

- ಪರವಾನಗಿ ಇರುವ ಹೋಂಸ್ಟೇಯಲ್ಲೇ ತಂಗೋಣ, ರಸೀದಿ ಕೇಳೋಣ.
- ಹಂಪಿಯ ಜೊತೆ ಇಟಗಿ, ಕುಕನೂರು, ಕನಕಗಿರಿಗೂ ಒಂದು ದಿನ ಮೀಸಲಿಡೋಣ.
- ಸ್ಥಳೀಯ ಮಾರ್ಗದರ್ಶಕರನ್ನು ಕರೆದುಕೊಂಡು ಹೋಗೋಣ, ಶಿಲಾ ಸಮಾಧಿಗಳ ಮೇಲೆ ಹತ್ತದಿರೋಣ.
- ನೀರಿನ ಬಾಟಲಿ, ತಿಂಡಿಯ ಪೊಟ್ಟಣಗಳನ್ನು ವಾಪಸ್ ತರೋಣ.

ಮೇಲಿನ ನಾಲ್ಕು ದಾರಿಗಳಲ್ಲಿ ಯಾವುದೂ ಒಂದೇ ಸಾಲದು. ಕಾನೂನು ಇದ್ದು ಜೀವನೋಪಾಯ ಇಲ್ಲದಿದ್ದರೆ ಜನ ಕಾನೂನಿಗೆ ಬೆನ್ನು ಮಾಡುತ್ತಾರೆ. ಜೀವನೋಪಾಯ ಇದ್ದು ಕಾನೂನು ಇಲ್ಲದಿದ್ದರೆ ಬಂಡೆಯೂ ಉಳಿಯದು, ಹೊಳೆಯೂ ಉಳಿಯದು. ಎರಡನ್ನೂ ಜೋಡಿಸುವ ಕೆಲಸದಲ್ಲಿ ಆನೆಗೊಂದಿ, ಸಾಣಾಪುರದ ಜನರನ್ನೂ ಕೂರಿಸಿಕೊಂಡು ಮಾತನಾಡುವುದು ಮೊದಲ ಹೆಜ್ಜೆ.