ಚಿಕ್ಕಲ್ಲೂರಿನ ಬಿಡಾರ: ಮಂಡ್ಯ ಸೀಮೆಯ ಕುಟುಂಬಗಳ ಜಾತ್ರೆಪಯಣ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಬೇಸಾಯದ ಮನೆತನಗಳಲ್ಲಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಬೇರೆ ಒಲೆ ಹೂಡಿದ ಗಂಡುಮಕ್ಕಳು ಮತ್ತು ಮೊಮ್ಮಕ್ಕಳು ಹಿರಿಯರೊಡನೆ ಕೆಲವು ದಿನ ಒಟ್ಟಿಗೆ ಕಳೆಯುತ್ತಿದ್ದ ಮುಖ್ಯ ಸಂದರ್ಭಗಳಲ್ಲಿ ಜಾತ್ರೆಯ ಬಿಡಾರವೂ ಒಂದು. ಬಿಡಾರವೆಂದರೆ ಜಾತ್ರೆಯ ಬಯಲಿನಲ್ಲಿ ಗಾಡಿ ಬಿಟ್ಟು, ಎತ್ತು ಕಟ್ಟಿ, ಮೂರು ಕಲ್ಲಿನ ಒಲೆ ಹೂಡಿ ಕುಟುಂಬವೊಂದು ಕಟ್ಟಿಕೊಳ್ಳುವ ತಾತ್ಕಾಲಿಕ ನೆಲೆ. ಈ ಸೀಮೆಯ ಜನ ಇಂಥ ಬಿಡಾರಗಳನ್ನು ಹೂಡುತ್ತಿದ್ದ ಜಾತ್ರೆಗಳಲ್ಲಿ, ಕಾವೇರಿಯ ಆಚೆ, ಈಗಿನ ಚಾಮರಾಜನಗರ ಜಿಲ್ಲೆಗೆ ಸೇರಿದ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಗೆ ವಿಶೇಷ ಸ್ಥಾನವಿದೆ.

ನದಿಯಾಚೆಯ ಈ ಕ್ಷೇತ್ರದೊಂದಿಗೆ ಮಂಡ್ಯ ಸೀಮೆಗಿರುವ ನಂಟು ಮಂಟೇಸ್ವಾಮಿ ಪರಂಪರೆಯಿಂದ ಬಂದದ್ದು. ನೀಲಗಾರರು, ಅಂದರೆ ದೀಕ್ಷೆ ಪಡೆದು ತಂಬೂರಿ ಹಿಡಿದು ಈ ಪರಂಪರೆಯ ಕಥೆಯನ್ನು ಹಾಡುವ ಗಾಯಕರು, ಹೇಳುವಂತೆ ಸಿದ್ದಪ್ಪಾಜಿ ಹುಟ್ಟಿದ್ದು ಇಂದಿನ ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ. ಗುರು ಮಂಟೇಸ್ವಾಮಿಯ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆ ಬೇಡಲು ಹೋಗಿ ಪಾಂಚಾಳರ, ಅಂದರೆ ಕಮ್ಮಾರಿಕೆಯ ಕುಲದವರ, ಪರೀಕ್ಷೆಗಳನ್ನು ಗೆದ್ದದ್ದು ಮಳವಳ್ಳಿ ತಾಲ್ಲೂಕಿನ ಹಲಗೂರಿನಲ್ಲಿ. ಮಂಟೇಸ್ವಾಮಿಯ ಮಠವಿರುವ ಬೊಪ್ಪೇಗೌಡನಪುರವೂ ಮಳವಳ್ಳಿ ತಾಲ್ಲೂಕಿನದೇ. ಹೀಗಾಗಿ ಈ ಭಾಗದ ಒಕ್ಕಲಿನವರು, ಎಂದರೆ ಸಿದ್ದಪ್ಪಾಜಿಯನ್ನು ಮನೆದೇವರಾಗಿ ನಡೆಸಿಕೊಂಡು ಬಂದ ಕುಟುಂಬದವರು, ಚಿಕ್ಕಲ್ಲೂರಿಗೆ ಹೊರಡುವಾಗ ತಮ್ಮ ಸೀಮೆಯಲ್ಲೇ ಹುಟ್ಟಿದ ದೇವರ ಗದ್ದುಗೆಗೆ ಹೋಗುತ್ತಿದ್ದೇವೆಂಬ ಭಾವದಿಂದಲೇ ಹೊರಡುತ್ತಿದ್ದರು.

ಜಾತ್ರೆ ಬನದ ಹುಣ್ಣಿಮೆಯಂದು, ಸಾಮಾನ್ಯವಾಗಿ ಜನವರಿಯಲ್ಲಿ, ಆರಂಭವಾಗಿ ಐದು ದಿನ ನಡೆಯುತ್ತದೆ. ಸುಗ್ಗಿಯ ಒಕ್ಕಣೆ ಬಹುಮಟ್ಟಿಗೆ ಮುಗಿದು ಕಣಜ ತುಂಬಿರುವ ಆ ಹೊತ್ತಿನಲ್ಲಿ ಎತ್ತುಗಳಿಗೂ ಬಿಡುವಿರುತ್ತಿತ್ತು, ಹೊಸ ಹುಲ್ಲಿಗೂ ಕೊರತೆಯಿರುತ್ತಿರಲಿಲ್ಲ. ಗಾಡಿಗೆ ಬಿದಿರಿನ ಕಮಾನು ಬಿಗಿದು, ಮೇಲೆ ಚಾಪೆ ಹೊದಿಸಿ, ಒಳಗೆ ದಪ್ಪವಾಗಿ ಹುಲ್ಲು ಹರಡಿದರೆ ಅದು ಕಮಾನುಗಾಡಿಯಾಗುತ್ತಿತ್ತು. ದಾರಿಯಲ್ಲಿ ಮಕ್ಕಳಿಗೆ ಹಾಸಿಗೆಯಾದ ಹುಲ್ಲೇ ಬಿಡಾರ ತಲುಪಿದ ಮೇಲೆ ಎತ್ತುಗಳಿಗೆ ಮೇವಾಗುತ್ತಿತ್ತು. ರಾಗಿಹಿಟ್ಟು, ಅಕ್ಕಿ, ಅರೆದಿಟ್ಟ ಖಾರ, ಪಾತ್ರೆ, ಸೌದೆ ಎಲ್ಲವೂ ಅದೇ ಗಾಡಿಯಲ್ಲಿ. ಮಗಳ ಊರು ದಾರಿಯಲ್ಲಿದ್ದರೆ ಅವಳನ್ನೂ ಮೊಮ್ಮಕ್ಕಳನ್ನೂ ಅಲ್ಲೇ ಹತ್ತಿಸಿಕೊಳ್ಳುತ್ತಿದ್ದರು. ಇಲ್ಲದಿದ್ದರೆ ಅಳಿಯನ ಗಾಡಿ ಬೇರೆ ದಾರಿಯಲ್ಲಿ ಬಂದು ಬಿಡಾರದಲ್ಲಿ ಕೂಡಿಕೊಳ್ಳುತ್ತಿತ್ತು.

ಆ ದಾರಿಗೆ ರಾಜಕೀಯ ಇತಿಹಾಸವೊಂದಿದೆ. ಮಳವಳ್ಳಿಯಿಂದ ಕೊಳ್ಳೇಗಾಲದತ್ತ ಸಾಗುವ ಗಾಡಿಗಳು ಶಿವನಸಮುದ್ರದ ಬಳಿ ಕಾವೇರಿಯನ್ನು ದಾಟಬೇಕಿತ್ತು. ಅಲ್ಲಿಯ ವೆಸ್ಲಿ ಸೇತುವೆಯನ್ನು 19ನೇ ಶತಮಾನದ ಮೊದಲರ್ಧದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಲ್ಲಿನ ಕಂಬಗಳ ಮೇಲೆ ಕಟ್ಟಿಸಿದ್ದರು. ನದಿ ದಾಟಿದರೆ ಮೈಸೂರು ಸಂಸ್ಥಾನ ಮುಗಿದು, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಆರಂಭವಾಗುತ್ತಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಈ ಗಡಿ ಇತ್ತು. ಆದರೆ ಹೆಣ್ಣು ಕೊಟ್ಟು ತಂದುಕೊಳ್ಳುವ ನಂಟಿಗಾಗಲಿ, ದೇವರ ನಡೆಗಾಗಲಿ ಅದು ಎಂದೂ ಅಡ್ಡಿಯಾಗಲಿಲ್ಲ.

ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲ. ಬಿದಿರಿನಿಂದ ಕಟ್ಟಿ ಬಟ್ಟೆ ಸುತ್ತಿದ ಆಕೃತಿಗೆ ಬೊಪ್ಪೇಗೌಡನಪುರ ಮಠದ ಸ್ವಾಮಿಗಳು ಜ್ಯೋತಿ ಮುಟ್ಟಿಸುತ್ತಾರೆ. ಉರಿ ಯಾವ ದಿಕ್ಕಿಗೆ ಹೆಚ್ಚು ಬಾಗುವುದೋ ಆ ಸೀಮೆಗೆ ಮುಂದೆ ಮಳೆಬೆಳೆ ಚೆನ್ನಾಗುತ್ತದೆಂಬ ನಂಬಿಕೆಯಿಂದ ಬೇರೆ ಬೇರೆ ದಿಕ್ಕಿನ ರೈತರು ಅದನ್ನು ಕಣ್ಣಿಟ್ಟು ನೋಡುತ್ತಾರೆ. ಕುಟುಂಬದ ದೃಷ್ಟಿಯಿಂದ ಹೆಚ್ಚಿನ ಮಹತ್ವ ಪಡೆದದ್ದು ಮೂರನೆಯ ದಿನದ ಮುಡಿಸೇವೆ. ಹರಕೆ ಹೊತ್ತು ಬೆಳೆಸಿದ ಮಗುವಿನ ಮೊದಲ ಕೂದಲನ್ನು ಒಪ್ಪಿಸುವ ಈ ಕಾರ್ಯದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವ. ಆದ್ದರಿಂದ ಮಗಳ ಮಗುವಿನ ಮುಡಿಗೆ ತವರಿನವರು ಬರಲೇಬೇಕಾಗಿತ್ತು, ಮತ್ತು ಬೀಗರಿಬ್ಬರೂ ಒಂದೇ ಬಯಲಿನಲ್ಲಿ ಒಲೆ ಹೂಡಬೇಕಾಗುತ್ತಿತ್ತು.

ನಾಲ್ಕನೆಯ ದಿನ ಪಂಕ್ತಿಸೇವೆ. ಬಿಡಾರದಲ್ಲಿ ಬೇಯಿಸಿದ ಬಾಡಿನ ಅಡಿಗೆಯನ್ನು ಎಡೆಯಿಟ್ಟು, ನೆಂಟರೂ ಪರಜಾತಿಯವರೂ ಸಾಲಾಗಿ ಕುಳಿತು ಉಣ್ಣುವ ಈ ಸೇವೆ, ಜಾತಿಯ ಕಟ್ಟು ಬಿಗಿಯಾಗಿದ್ದ ಕಾಲದಲ್ಲೂ ನಡೆದುಬಂದದ್ದು ದೊಡ್ಡ ಸಂಗತಿ. 1959ರ ಪ್ರಾಣಿಬಲಿ ತಡೆ ಕಾಯಿದೆಯನ್ನು ಮುಂದಿಟ್ಟು ಇತ್ತೀಚಿನ ವರ್ಷಗಳಲ್ಲಿ ಆಡಳಿತ ನಿರ್ಬಂಧ ಹೇರಿದಾಗ, ದೇವರ ಮುಂದೆ ಕಡಿಯುವ ಬಲಿಯೇ ಬೇರೆ, ಬಿಡಾರದಲ್ಲಿ ಉಣ್ಣುವ ಊಟವೇ ಬೇರೆ ಎಂದು ಒಕ್ಕಲಿನವರು ವಾದಿಸಿದ್ದಾರೆ. ಆಚರಣೆಯ ಚರಿತ್ರೆಯನ್ನು ನೋಡಿದರೆ ಆ ವಾದದಲ್ಲಿ ಹುರುಳಿದೆ. ಐದನೆಯ ದಿನದ ಸೇವೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ನೆಲೆಸಿದ ಹನುಮ, ಮುತ್ತತ್ತಿರಾಯನ ಹೆಸರಿನದು. ಅಲ್ಲಿಗೆ ಜಾತ್ರೆ ಮುಗಿಯುತ್ತದೆ.

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ, ಚಳಿಗಾಲದಲ್ಲಿ ಬಿಡುವಾಗಿರುತ್ತಿದ್ದ ಎತ್ತಿನಗಾಡಿಗಳಿಗೆ ಕಬ್ಬು ಸಾಗಿಸುವ ಕೆಲಸ ಬಂತು. ಮುಂದೆ ಬಸ್ಸು, ಲಾರಿಗಳು ಬಂದವು. ಟ್ರ್ಯಾಕ್ಟರ್ ಬಂದಾಗ ಅದರ ಟ್ರೇಲರಿಗೇ ಟಾರ್ಪಾಲು ಕಟ್ಟಿ ಹುಲ್ಲು ಹರಡಿ, ಕಮಾನುಗಾಡಿಯ ಕ್ರಮವನ್ನೇ ಮುಂದುವರಿಸಿದರು. ಟ್ರೇಲರಿನಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ, ಅಪಾಯವೂ ಹೌದು. ಆದರೂ ಮೂರು ತಲೆಮಾರು ಒಂದೇ ಬಂಡಿಯಲ್ಲಿ ಕುಳಿತು ಹೋಗುವ ಆಸೆ ಅಷ್ಟು ಸುಲಭವಾಗಿ ಬಿಡುವಂಥದಲ್ಲ. ಹಳೆಯ ದಾರಿಯ ವೆಸ್ಲಿ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು.

ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವನ್ನು ವಿದ್ವಾಂಸರು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಆ ಕಾವ್ಯವನ್ನು ರಾತ್ರಿಯಿಡೀ ಕೇಳಿದ ಬಿಡಾರಗಳ ಸಂಗತಿಗೂ ಅಷ್ಟೇ ಶ್ರದ್ಧೆ ಸಲ್ಲಬೇಕು. ಯಾವ ಊರಿನ ಗಾಡಿಗಳು ಎಲ್ಲಿ ತಂಗುತ್ತಿದ್ದವು, ಯಾವ ಮರದ ನೆರಳು ಯಾವ ಮನೆತನದ್ದು, ಯಾರ ಮುಡಿಗೆ ಯಾರು ಬಂದಿದ್ದರು ಎಂಬುದನ್ನು ಬಲ್ಲ ಹಿರಿಯರು ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಅವರ ಮಕ್ಕಳು, ಮೊಮ್ಮಕ್ಕಳೇ ಕೂತು ಬರೆದಿಟ್ಟುಕೊಳ್ಳಬೇಕು.