ಕೋಠಿಯಲ್ಲಿ ಕೊಂಡ ಪುಸ್ತಕ ಅಂಧ ವಿದ್ಯಾರ್ಥಿ ಓದುವಂತಾಗಲು ಏನು ಬೇಕು? ಕಾನೂನು, ಸೌಲಭ್ಯ ಮತ್ತು ಕನ್ನಡ ಫಾಂಟ್‌ನ ತೊಡಕು

ಹೈದರಾಬಾದಿನಲ್ಲಿ ಕಾಲೇಜು ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ಹೇಳುವ ಹೆಸರು ಕೋಠಿ. ಹಿಂದೆ ಬ್ರಿಟಿಷ್ ರೆಸಿಡೆನ್ಸಿ ಇದ್ದ ಈ ಪ್ರದೇಶದಲ್ಲಿ ಹೊಸ ಪುಸ್ತಕದ ಅಂಗಡಿಗಳೂ ಇವೆ, ಸೆಕೆಂಡ್ ಹ್ಯಾಂಡ್ ಪುಸ್ತಕಗಳ ರಾಶಿಯೂ ಇದೆ. ಕರ್ನಾಟಕ ಸಾಹಿತ್ಯ ಮಂದಿರ ಇರುವ ಕಾಚಿಗುಡ ಹತ್ತಿರದಲ್ಲೇ ಇರುವುದರಿಂದ ನಗರದ ಕನ್ನಡಿಗರಿಗೂ ಇದು ಪರಿಚಿತ ಜಾಗ. ಆದರೆ ಕಣ್ಣು ಕಾಣದ ವಿದ್ಯಾರ್ಥಿಗೆ ಇಲ್ಲಿ ಅರ್ಧ ಬೆಲೆಗೆ ಪುಸ್ತಕ ಸಿಕ್ಕಿದರೂ ಅದು ಓದಲು ಸಿಕ್ಕಂತಲ್ಲ.

ಆ ಪುಸ್ತಕವನ್ನು ಬ್ರೈಲ್, ಆಡಿಯೋ ಅಥವಾ ಕಂಪ್ಯೂಟರ್ ಗಟ್ಟಿಯಾಗಿ ಓದಬಲ್ಲ ಫೈಲ್ ಆಗಿ ಬದಲಿಸಿಕೊಳ್ಳಬಹುದೇ? ಅದಕ್ಕೆ ಪ್ರಕಾಶಕರ ಅನುಮತಿ ಬೇಕೇ? ಬೇಕಿಲ್ಲ. ಈ ವಿಷಯ ಅನೇಕ ಕಾಲೇಜುಗಳಿಗೇ ಇನ್ನೂ ಗೊತ್ತಿಲ್ಲ ಎನ್ನುವುದು ಬೇರೆ ಮಾತು.

ಕಾನೂನು ಏನು ಹೇಳುತ್ತದೆ?

2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ 52(1)(ಝಡ್‌ಬಿ) ಎಂಬ ಕಲಂ ಸೇರಿಸಲಾಯಿತು. ಇದರ ಪ್ರಕಾರ ಅಂಗವೈಕಲ್ಯ ಇರುವವರ ಖಾಸಗಿ ಬಳಕೆ, ಶಿಕ್ಷಣ ಅಥವಾ ಸಂಶೋಧನೆಗಾಗಿ ಯಾರು ಬೇಕಾದರೂ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ಬದಲಿಸಿ ಅವರೊಂದಿಗೆ ಹಂಚಿಕೊಳ್ಳಬಹುದು. ಅಣ್ಣ ಓದಿ ರೆಕಾರ್ಡ್ ಮಾಡಿದರೂ ಸರಿ, ಸಹಪಾಠಿ ಸ್ಕ್ಯಾನ್ ಮಾಡಿಕೊಟ್ಟರೂ ಸರಿ. ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆ ಮತ್ತು ಗ್ರಂಥಾಲಯಗಳಿಗೂ ಈ ಅವಕಾಶವಿದೆ. ಆದರೆ ಲಾಭ ಮಾಡುವಂತಿಲ್ಲ, ತಗಲಿದ ಖರ್ಚನ್ನಷ್ಟೇ ಪಡೆಯಬಹುದು. ಸಂಸ್ಥೆಗಳು ಮಾಡಿದ ಪ್ರತಿ ಮಾರುಕಟ್ಟೆಗೆ ಹೋಗದಂತೆಯೂ ನೋಡಿಕೊಳ್ಳಬೇಕು. ಲಾಭದ ಉದ್ದೇಶ ಇರುವವರಿಗೆ ಕಲಂ 31ಬಿ ಅಡಿ ಬೇರೆ ಪರವಾನಗಿ ವ್ಯವಸ್ಥೆ ಇದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ 2013ರಲ್ಲಿ ಆದ ಅಂತಾರಾಷ್ಟ್ರೀಯ ಮರ್ರಾಕೆಶ್ ಒಪ್ಪಂದಕ್ಕಿಂತ ನಮ್ಮ ಕಲಂ ವಿಶಾಲವಾಗಿದೆ. ಅದು ಅಂಧರಿಗೆ ಮಾತ್ರ ಸೀಮಿತವಲ್ಲ, ಯಾವುದೇ ಅಂಗವೈಕಲ್ಯಕ್ಕೂ ಅನ್ವಯಿಸುತ್ತದೆ. ಆ ಒಪ್ಪಂದವನ್ನು 2014ರ ಜೂನ್‌ನಲ್ಲಿ ಮೊದಲು ಅನುಮೋದಿಸಿದ ದೇಶವೂ ಭಾರತವೇ. 2016ರ ಸೆಪ್ಟೆಂಬರ್ 30ರಂದು ಜಾರಿಗೆ ಬಂದ ಈ ಒಪ್ಪಂದದಿಂದಾಗಿ, ಬೆಂಗಳೂರಿನಲ್ಲಿ ತಯಾರಾದ ಕನ್ನಡ ಆಡಿಯೋ ಪುಸ್ತಕವನ್ನು ಒಪ್ಪಂದಕ್ಕೆ ಸೇರಿದ ಅಮೆರಿಕದಂಥ ದೇಶದಲ್ಲಿರುವ ಕನ್ನಡ ಕುಟುಂಬದ ಅಂಧ ಮಗುವಿಗೂ ಅಧಿಕೃತ ಸಂಸ್ಥೆಗಳ ಮೂಲಕ ಕಳಿಸಬಹುದು.

ಇನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಇರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸೂಕ್ತ ಉಪಕರಣಗಳನ್ನು ಉಚಿತವಾಗಿ ಕೊಡಲು ಸರ್ಕಾರ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ ಅದರ 17ನೇ ಕಲಂ. ತೊಂದರೆ ಶುರುವಾಗುವುದು ಅಲ್ಲಿಂದಾಚೆಗೆ. ಪದವಿಗೆ ಕಾಲಿಡುವ ಹೊತ್ತಿಗೆ ವಯಸ್ಸು 18 ಮುಗಿದಿರುತ್ತದೆ, ಪುಸ್ತಕಗಳ ಸಂಖ್ಯೆ ಮಾತ್ರ ಹೆಚ್ಚುತ್ತದೆ.

ಕನ್ನಡದ ತೊಡಕು ಫಾಂಟ್‌ನಲ್ಲಿ

ಅನುಮತಿ ಇದ್ದರೂ ಫೈಲ್ ಬೇಕಲ್ಲ! ಪ್ರಕಾಶಕರು ಸಾಫ್ಟ್ ಕಾಪಿ ಕೊಡಲೇಬೇಕು ಎಂದು ಕಾಪಿರೈಟ್ ಕಾಯ್ದೆಯ ಈ ಕಲಂ ಹೇಳುವುದಿಲ್ಲ. ಕೊಟ್ಟರೂ ಕನ್ನಡದಲ್ಲಿ ಇನ್ನೊಂದು ಗೋಡೆ ಎದುರಾಗುತ್ತದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡ ಅಕ್ಷರವಾದರೂ ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಕಣ್ಣಿದ್ದವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸ್ಕ್ರೀನ್ ರೀಡರ್ ಮಾತ್ರ ಒಳಗಿರುವುದನ್ನೇ ಓದುತ್ತದೆ, ಕೇಳುವವರಿಗೆ ಅರ್ಥವಿಲ್ಲದ ಸದ್ದು. ಹೈದರಾಬಾದಿನ ತೆಲುಗು ಡಿಟಿಪಿಯಲ್ಲಿ ಬಳಕೆಯಲ್ಲಿರುವ ಅನು ಫಾಂಟ್‌ಗಳದ್ದೂ ಇದೇ ಕಥೆ.

ಪರೀಕ್ಷಿಸುವುದು ಸುಲಭ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಸ್ಕ್ರೀನ್ ರೀಡರ್‌ಗೆ ಓದಲು ಬರುತ್ತದೆ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಪರಿವರ್ತಕ ತಂತ್ರಾಂಶದಿಂದ ಬದಲಿಸಬೇಕು. ಸಾಲನ್ನು ಆಯ್ಕೆ ಮಾಡಲೇ ಆಗದಿದ್ದರೆ ಅದು ಬರೀ ಚಿತ್ರ, ಓಸಿಆರ್ ಬೇಕು.

ಓಸಿಆರ್ ಎಂದರೆ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ. ಗೂಗಲ್ ಡ್ರೈವ್ ಮತ್ತು ಉಚಿತ ಟೆಸರಾಕ್ಟ್ ಕನ್ನಡವನ್ನು ಗುರುತಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕನ್ನಡ ಲಿಪಿಗಾಗಿಯೇ 'ಲಿಪಿ ಜ್ಞಾನಿ' ರೂಪಿಸಿದೆ. ಆದರೂ ಒತ್ತಕ್ಷರ, ಅರ್ಕಾವತ್ತು, ಒಂದೇ ತರಹ ಕಾಣುವ 'ಪ' ಮತ್ತು 'ವ' ಇರುವಲ್ಲಿ ತಪ್ಪು ನುಸುಳುವುದುಂಟು. ಹಾಗಾಗಿ ಕಣ್ಣಿದ್ದವರೊಬ್ಬರು ಕರಡು ತಿದ್ದಲೇಬೇಕು. ಗಣಿತದ ಸೂತ್ರ, ನಕ್ಷೆ, ಚಿತ್ರಗಳಲ್ಲಿ ಓಸಿಆರ್ ನಂಬುವಂತಿಲ್ಲ, ಅವುಗಳಿಗೆ ಮಾತಿನ ವಿವರಣೆ ಬರೆಯಬೇಕು ಅಥವಾ ಮುಟ್ಟಿ ತಿಳಿಯುವ ಉಬ್ಬುಚಿತ್ರ ಮಾಡಿಸಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಕಿವಿಮಾತು. ಹಿಂದಿನವರು ಪೆನ್ನಿನಲ್ಲಿ ಗೆರೆ ಎಳೆದ ಪುಸ್ತಕ ಸ್ಕ್ಯಾನ್‌ಗೆ ಒಳ್ಳೆಯದಲ್ಲ, ಗೆರೆ ಒತ್ತಕ್ಷರದ ಮೇಲೆ ಹಾದಿದ್ದರೆ ಓಸಿಆರ್ ದಾರಿ ತಪ್ಪುತ್ತದೆ. ಇಪ್ಪತ್ತು ರೂಪಾಯಿ ಹೆಚ್ಚಾದರೂ ಶುಭ್ರ ಪ್ರತಿ ಆರಿಸಿ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ.

ಎಲ್ಲಿ ಸಿಗುತ್ತದೆ?

ಮೊದಲು ನೋಡಬೇಕಾದದ್ದು ಸುಗಮ್ಯ ಪುಸ್ತಕಾಲಯ. 2016ರ ಆಗಸ್ಟ್‌ನಲ್ಲಿ ಆರಂಭವಾದ ಈ ಆನ್‌ಲೈನ್ ಗ್ರಂಥಾಲಯವನ್ನು ಕೇಂದ್ರದ ದಿವ್ಯಾಂಗಜನ ಸಬಲೀಕರಣ ಇಲಾಖೆಯ ಜೊತೆ ಡೈಸಿ ಫೋರಂ ಆಫ್ ಇಂಡಿಯಾ ಮತ್ತು ಟಿಸಿಎಸ್ ರೂಪಿಸಿವೆ. ಮುದ್ರಿತ ಪುಸ್ತಕ ಓದಲಾಗದವರು ಸದಸ್ಯರಾಗಿ ಬೇರೆ ಬೇರೆ ಭಾರತೀಯ ಭಾಷೆಗಳ ಪುಸ್ತಕ ಪಡೆಯಬಹುದು. ಬೇರೆಯವರು ಈಗಾಗಲೇ ಮಾಡಿಟ್ಟ ಪುಸ್ತಕವನ್ನು ಮತ್ತೆ ಸ್ಕ್ಯಾನ್ ಮಾಡುವ ಶ್ರಮ ಉಳಿಯುತ್ತದೆ. ಕನ್ನಡ ಆಡಿಯೋ ಮತ್ತು ಬ್ರೈಲ್‌ಗೆ ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆ ಇದೆ.

ಓದಲು ದುಬಾರಿ ತಂತ್ರಾಂಶ ಬೇಕಿಲ್ಲ. ಕಂಪ್ಯೂಟರ್‌ಗೆ ಎನ್‌ವಿಡಿಎ ಉಚಿತ, ಆಂಡ್ರಾಯ್ಡ್ ಫೋನ್‌ನಲ್ಲಿ ಟಾಕ್‌ಬ್ಯಾಕ್ ಇದೆ. ಎರಡರಲ್ಲೂ ಕನ್ನಡ, ತೆಲುಗು ಧ್ವನಿ ಬಳಸಬಹುದು.

ಬ್ರೈಲ್ ಕಲಿತ ಹೈದರಾಬಾದ್ ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. ಭಾರತೀಯ ಭಾಷೆಗಳಿಗೆ ಭಾರತಿ ಬ್ರೈಲ್ ಎಂಬ ಒಂದೇ ಪದ್ಧತಿ ಇರುವುದರಿಂದ ಕನ್ನಡದ 'ಕ'ಗೂ ತೆಲುಗಿನ 'ಕ'ಗೂ ಚುಕ್ಕಿಗಳು ಒಂದೇ. ಲಿಪಿ ಬೇರೆ ಎಂದು ಕಣ್ಣಿದ್ದವರು ಎರಡು ವರ್ಣಮಾಲೆ ಕಲಿಯಬೇಕು, ಬೆರಳಿನಲ್ಲಿ ಓದುವವರಿಗೆ ಒಂದೇ ಸಾಕು!

ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ಪೋಷಕರು ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿರುವ ರಾಷ್ಟ್ರೀಯ ಸಂಸ್ಥೆ ಎನ್‌ಐಇಪಿಐಡಿಯಲ್ಲಿ ಕಲಿಕಾ ಕಿಟ್‌ಗಳ ಬಗ್ಗೆ ವಿಚಾರಿಸಬಹುದು. ಕಿವುಡ ಮಕ್ಕಳಿಗೆ ಸನ್ನೆ ಭಾಷೆಯ ವಿಡಿಯೋ ಬೇಕು. ಎನ್‌ಸಿಇಆರ್‌ಟಿ ಪಠ್ಯಗಳನ್ನು ಭಾರತೀಯ ಸನ್ನೆ ಭಾಷೆಗೆ ತರಲು 2020ರ ಅಕ್ಟೋಬರ್‌ನಲ್ಲಿ ಒಪ್ಪಂದವಾಗಿದೆ.

ಕಾಲೇಜನ್ನು ಕೇಳುವುದು ಹೇಗೆ?

ಸೆಮಿಸ್ಟರ್ ಶುರುವಾದ ವಾರದಲ್ಲೇ ಗ್ರಂಥಪಾಲಕರಿಗೆ ಲಿಖಿತ ಅರ್ಜಿ ಕೊಡಿ. ಪುಸ್ತಕದ ಹೆಸರು, ಆವೃತ್ತಿ, ಬೇಕಾದ ರೂಪ (ಬ್ರೈಲ್, ಆಡಿಯೋ, ಯೂನಿಕೋಡ್ ವರ್ಡ್ ಫೈಲ್ ಅಥವಾ ದೊಡ್ಡ ಅಕ್ಷರ) ಮತ್ತು ಯಾವ ತಾರೀಖಿನೊಳಗೆ ಬೇಕು ಎಂಬುದನ್ನು ಬರೆಯಿರಿ. ಕಾಪಿರೈಟ್ ಅಡ್ಡಿ ಎಂದು ಹೇಳಿದರೆ 52(1)(ಝಡ್‌ಬಿ) ಕಲಂ ತೋರಿಸಿ. ಅಂಗವೈಕಲ್ಯ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಅರ್ಜಿಯ ಸ್ವೀಕೃತಿ ಪಡೆದುಕೊಳ್ಳಿ.