ಕಾಲುವಿ ನೀರು ಬರಲಿಲ್ಲ, ಕಾಲುವಿ ಕಾಗದ ಬಂತು



ಈ ಸಲದ ಟಿಪ್ಪಣಿ ಬೆಳಿ ಬಗ್ಗೆ ಅಲ್ಲ. ಬೆಳಿ ಸುದ್ದಿ ಮೊದಲಿಗೇ ಹೇಳಿ ಮುಗಸ್ತೀನಿ. ಎರಿ ಹೊಲದಾಗ ಹೆಸರು ಹೂವು ಹಿಡದೈತಿ, ಎಡಿ ಹೊಡೆಯೋದು ಮುಗದೈತಿ. ಮಸಾರಿಯೊಳಗಿನ ಶೇಂಗಾಕ್ಕ ಇನ್ನೊಂದು ಹದ ಮಳಿ ಬೇಕು. ಕಪ್ಪತ್ತಗುಡ್ಡದ ಮ್ಯಾಲ ಮೋಡ ಬರ್ತಾವ, ಸ್ವಲ್ಪ ಹೊತ್ತು ನಿಲ್ಲತಾವ, ಮುಂದ ಹೋಗತಾವ. ನಿನ್ನೆ ಸಂಜಿಮುಂದ ಕಟ್ಟಿ ಮ್ಯಾಲ ಕುಂತಾಗ ಹಿರಿಯರೊಬ್ರು ಆ ಮೋಡ ನೋಡಿ, "ಇವೂ ಎಲೆಕ್ಷನ್ ಮಾತಿದ್ದಂಗ, ತಮ್ಮಾ" ಅಂದ್ರು. ಎಲ್ಲಾರೂ ನಕ್ರು. ನಾನೂ ನಕ್ಕೆ. ಮನಿಗೆ ಬಂದ ಮ್ಯಾಲ ಮಾತ್ರ ನಗು ಉಳೀಲಿಲ್ಲ. ಇವತ್ತು ಜುಲೈ 21.

ಈ ತಾರೀಖು ನಮ್ಮ ಜಿಲ್ಲೆಯವರಿಗೆ ಗೊತ್ತಿರಬೇಕಾದದ್ದು. ಗೊತ್ತಿಲ್ಲದ ಹುಡುಗರ ಸಲುವಾಗಿ ಸ್ವಲ್ಪ ಹಿಂದಿನಿಂದ ಹೇಳತೀನಿ.

ನಮ್ಮ ಸೋದರಮಾವ ನರಗುಂದ ಕಡಿಯವರು. ಅವರ ಟ್ರಂಕಿನಾಗ ಹಳೇ ಕಾಗದದ ಒಂದು ಕಟ್ಟು ಇತ್ತು. ನಾ ಸಣ್ಣಾಂವ ಇದ್ದಾಗ ಅದರಾಗಿಂದ ಒಂದು ನೋಟಿಸು ತೆಗೆದು ತೋರಿಸಿ, "ನೋಡೋ, ಕಾಲುವಿ ನೀರು ಬರಲಿಲ್ಲ, ಕಾಲುವಿ ಕಾಗದ ಬಂತು" ಅಂತಿದ್ರು. ಅವರ ಹೊಲ ಕಾಲುವಿಯ ಕೊನಿಗೆ ಇತ್ತು. ಮೇಲಿನವರ ಹೊಲ ಉಂಡು ಉಳಿದ್ರ ಇವರಿಗೆ.

ಮಲಪ್ರಭಾ ನದಿಗೆ ಸವದತ್ತಿ ಹತ್ರ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿಯಿತು. ಅದರ ಸಾಮರ್ಥ್ಯ ಸುಮಾರು 37 ಟಿಎಂಸಿ. ಬರಗಾಲದ ನಾಡಿಗೆ ಅದು ದೊಡ್ಡ ಆಸೆ. ಅದೇ ಹೊತ್ತಿಗೆ, 1972ರಲ್ಲಿ, ಧಾರವಾಡದಲ್ಲಿ ಕಟರಕಿ ಅವರು ತಯಾರು ಮಾಡಿದ ವರಲಕ್ಷ್ಮಿ ಹತ್ತಿ ಬಂತು. ಜ್ವಾಳ, ಕಡ್ಲಿ ಬಿಟ್ಟು ರೈತರು ಹತ್ತಿಗೆ ಬಿದ್ರು. ಬೀಜ, ಗೊಬ್ಬರ, ಎಣ್ಣಿ ಎಲ್ಲಾದಕ್ಕೂ ಸಾಲ. ದಶಕ ಮುಗಿಯೂದ್ರಾಗ ಹತ್ತಿ ಧಾರಣಿ ನೆಲಕ್ಕ ಬಿತ್ತು.

ಆವಾಗಲೇ ಬಂದದ್ದು ಆ ಕಾಗದ: ಬೆಟರ್‌ಮೆಂಟ್ ಲೆವಿ, ಅಂದ್ರ ಅಭಿವೃದ್ಧಿ ಕರ. ಸರ್ಕಾರ ಆಣೆಕಟ್ಟು ಕಟ್ಟಿದ್ದರಿಂದ ನಿನ್ನ ಹೊಲದ ಕಿಮ್ಮತ್ತು ಏರೈತಿ, ಏರಿದ್ದರಾಗ ಒಂದು ಪಾಲು ಸರ್ಕಾರಕ್ಕ ಕೊಡು ಅನ್ನೋದು ಅದರ ತರ್ಕ. ಇದಕ್ಕೆ 1957ರ ಕಾನೂನಿನ ಆಧಾರವೂ ಇತ್ತು. ತರ್ಕ ತಪ್ಪಲ್ಲ, ನೀರು ಬಂದಿದ್ರ. ಕಾಲುವಿ ಅರ್ಧಕ್ಕ ನಿಂತವರಿಗೂ, ಹೊಲಗಾಲುವಿ ಇಲ್ಲದವರಿಗೂ, ನೀರು ನಿಂತು ಭೂಮಿ ಸವುಳು ಆದವರಿಗೂ ಅದೇ ಲೆಕ್ಕ ಹಚ್ಚಿದ್ದೇ ತಪ್ಪು.

ರೈತರು ಸಮನ್ವಯ ಸಮಿತಿ ಕಟ್ಟಿದ್ರು. ಅರ್ಜಿ ಕೊಟ್ರು, ಧರಣಿ ಕುಂತ್ರು. 1980ರ ಜುಲೈ 21ಕ್ಕೆ ನರಗುಂದ, ನವಲಗುಂದ ಎರಡೂ ಕಡೆ ಕಚೇರಿ ಬಂದ್ ಮಾಡಾಕ ಹೋದ್ರು. ಗುಂಡು ಹಾರಿದವು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ರು. ನರಗುಂದದಲ್ಲಿ ಸಿಟ್ಟಿಗೆದ್ದ ಗುಂಪಿನ ಕೈಯಾಗ ಪೊಲೀಸರೂ ಸತ್ರು. ಇದನ್ನ ಮುಚ್ಚಿಡಬಾರದು. ಅವರ ಮನ್ಯಾಗೂ ಹೆಂಡರು ಮಕ್ಕಳು ಇದ್ರು, ಬಹಳಷ್ಟು ಮಂದಿ ನಮ್ಮಂಥಾ ರೈತರ ಮಕ್ಕಳೇ.

ಆಗಿನ ಮುಖ್ಯಮಂತ್ರಿ ಆರ್. ಗುಂಡೂರಾವ್. ಬೆಂಕಿ ರಾಜ್ಯದ ತುಂಬ ಹಬ್ಬಿತು. ಸರ್ಕಾರ ಕರ ವಸೂಲಿ ನಿಲ್ಲಿಸಬೇಕಾಯ್ತು. ಅದೇ ವರ್ಷ ರುದ್ರಪ್ಪ, ಸುಂದರೇಶ್, ನಂಜುಂಡಸ್ವಾಮಿ ಅವರ ಮುಂದಾಳತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1981ರಲ್ಲಿ ವಿರೋಧ ಪಕ್ಷದವರು ನರಗುಂದದಿಂದ ಬೆಂಗಳೂರಿಗೆ ಜಾಥಾ ತೆಗೆದ್ರು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಮೊದಲ ಸಲ ಕರ್ನಾಟಕದಲ್ಲಿ ಸೋತಿತು, ಗುಂಡೂರಾವ್ ಅವರೂ ಸ್ವಂತ ಕ್ಷೇತ್ರದಲ್ಲಿ ಸೋತ್ರು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದ್ರು.

ಇಲ್ಲಿಗೆ ಕತಿ ನಿಲ್ಲಿಸಿದ್ರ ರೈತ ಗೆದ್ದ ಅಂತ ಆಗತೈತಿ. ಕರದ ಮಟ್ಟಿಗೆ ಗೆದ್ದ, ಖರೇ. ಆದ್ರ ನೀರು? ಆಣೆಕಟ್ಟು ತುಂಬಿದ ವರ್ಷಕ್ಕಿಂತ ತುಂಬದ ವರ್ಷನ ಹೆಚ್ಚಾದ್ವು. ಅದಕ್ಕಾಗಿ ಹುಟ್ಟಿದ್ದು ಕಳಸಾ-ಬಂಡೂರಿ ಮಾತು. ಖಾನಾಪುರ ತಾಲೂಕಿನಲ್ಲಿ ಹುಟ್ಟಿ ಮಹದಾಯಿ ಸೇರಿ ಗೋವಾಕ್ಕೆ ಹೋಗುವ ಹಳ್ಳಗಳ ನೀರನ್ನ ಮಲಪ್ರಭೆಗೆ ತಿರುಗಿಸಬೇಕು, ಕೇಳಿದ್ದು 7.56 ಟಿಎಂಸಿ.

ಈ ಮಾತಿನ ದಾರಿ ನೋಡ್ರಿ. 2002ರ ಏಪ್ರಿಲ್‌ನಲ್ಲಿ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಿತು, ಅದೇ ಸೆಪ್ಟೆಂಬರ್‌ನಲ್ಲಿ ತಡೆಹಿಡಿಯಿತು. 2006ರಲ್ಲಿ ಕುಮಾರಸ್ವಾಮಿ ಅವರು ಕಣಕುಂಬಿಯಲ್ಲಿ ಅಡಿಗಲ್ಲು ಹಾಕಿದ್ರು. 2010ರಲ್ಲಿ ನ್ಯಾಯಮಂಡಳಿ ಆಯ್ತು. 2015ರ ಜುಲೈನಲ್ಲಿ ನರಗುಂದದಲ್ಲಿ ಮತ್ತ ಧರಣಿ ಶುರುವಾಯ್ತು, ವರ್ಷಗಟ್ಟಲೆ ನಡೀತು. 2016ರ ಜುಲೈನಲ್ಲಿ ಮಧ್ಯಂತರ ಅರ್ಜಿ ತಿರಸ್ಕಾರ ಆಯ್ತು, ಯಮನೂರಿನಾಗ ಲಾಠಿ ಬಿತ್ತು. 2017ರ ಡಿಸೆಂಬರ್‌ನಲ್ಲಿ, ಚುನಾವಣೆಗೆ ಐದು ತಿಂಗಳು ಇದ್ದಾಗ, ಹುಬ್ಬಳ್ಳಿ ಸಭೆಯಲ್ಲಿ ಯಡಿಯೂರಪ್ಪ ಅವರು ಗೋವಾ ಮುಖ್ಯಮಂತ್ರಿ ಪರ್ರೀಕರ್ ಅವರ ಪತ್ರ ಓದಿದ್ರು. ಮೂರು-ನಾಲ್ಕು ದಿನದಾಗ ನಮ್ಮ ಕಡಿ ರೈತರು ಬೆಂಗಳೂರಿನ ಪಕ್ಷದ ಕಚೇರಿ ಮುಂದ ಚಳ್ಯಾಗ ಕುಂತಿದ್ರು.

2018ರ ಆಗಸ್ಟ್ 14ಕ್ಕೆ ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಪಟಾಕ್ಷಿ ಹಾರಿದವು. ಕಾಗದ ಬಿಡಿಸಿ ನೋಡಿದ್ರ ಅದರಾಗ 8.02 ವಿದ್ಯುತ್ತಿಗೆ, 1.5 ಅಲ್ಲೇ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಾಕ ಉಳಿದದ್ದು 3.9: ಕಳಸಾದಿಂದ 1.72, ಬಂಡೂರಿಯಿಂದ 2.18. ಅದೂ ಕುಡಿಯುವ ನೀರು. ಭಾಷಣದಾಗ "ನೀರು ತರ್ತೀವಿ" ಅಂದಾಗ ನಮ್ಮ ಮಂದಿ ತಮ್ಮ ಹೊಲದ ಬದು ನೆನಸ್ಕೊಂಡ್ರು. ಕಾಗದದಾಗ ಇದ್ದದ್ದು ನಳದ ನೀರು. 2020ರಲ್ಲಿ ಗೆಜೆಟ್ ಆಯ್ತು, 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿ ಒಪ್ಪಿತು, ಆಗಲೂ ಸಿಹಿ ಹಂಚಿದ್ರು. ಆಮೇಲೆ ಅರಣ್ಯ ಮತ್ತ ವನ್ಯಜೀವಿ ಅನುಮತಿಗೆ ಬಂದು ನಿಂತಿತು.

ನಾ ಇದನ್ನ ಯಾಕ ಇಷ್ಟು ಬಿಡಿಸಿ ಹೇಳಿದೆ ಅಂದ್ರ, ಭರವಸೆ ಅನ್ನೋದು ಗಾಳ್ಯಾಗ ಮಾಯ ಆಗೂದಿಲ್ಲ. ಒಂದು ಗೊತ್ತಾದ ಜಾಗಕ್ಕ ಬಂದು ನಿಲ್ಲತೈತಿ. ನಾವು "ಎಲ್ಲಾರೂ ಕಳ್ಳರು" ಅಂದು ಬೈದು ಎದ್ದು ಹೋಗತೀವಿ, ನಿಂತ ಜಾಗ ಯಾವ್ದು ಅಂತ ಕೇಳೂದಿಲ್ಲ. ಬೈಗುಳದಿಂದ ಅವರಿಗೆ ತ್ರಾಸಿಲ್ಲ. ಆ ಜಾಗದ ಹೆಸರು ಹಿಡಿದು ಕೇಳಿದ್ರ ತ್ರಾಸೈತಿ.

ಸಾಲಮನ್ನಾದ್ದೂ ಹಿಂಗ. 1989ರ ಚುನಾವಣೆಯಲ್ಲಿ 10,000 ರೂಪಾಯಿವರೆಗಿನ ಸಾಲ ಮನ್ನಾ ಅಂದ್ರು. ವಿ.ಪಿ. ಸಿಂಗ್ ಸರ್ಕಾರ 1990ರಲ್ಲಿ ಮಾಡಿದ್ದೂ ಖರೇ. ಆದ್ರ ಕಾಗದದಾಗ "1989ರ ಅಕ್ಟೋಬರ್ 2ಕ್ಕೆ ಕಟಬಾಕಿ ಆದ ಸಾಲ" ಅಂತ ಇತ್ತು. 2018ರಲ್ಲಿ ಅಧಿಕಾರಕ್ಕ ಬಂದ 24 ತಾಸಿನಾಗ ಪೂರ್ತಿ ಸಾಲಮನ್ನಾ ಅಂದ್ರು. ಜುಲೈ 5ರ ಬಜೆಟ್‌ನಾಗ ಅದು ಹಿಂಗ ಆಯ್ತು: ಬೆಳೆಸಾಲ ಮಾತ್ರ, 2017ರ ಡಿಸೆಂಬರ್ 31ಕ್ಕೆ ಕಟಬಾಕಿ ಆದದ್ದು, ಒಂದು ಕುಟುಂಬಕ್ಕ 2 ಲಕ್ಷದ ಮಿತಿ, ಆದಾಯ ತೆರಿಗೆ ಕಟ್ಟಿದವರು ಹೊರಗ. ಒಟ್ಟು 34,000 ಕೋಟಿ ಅಂದ್ರು. ಕಂತು ಸರಿಯಾಗಿ ಕಟ್ಟಿದವರಿಗೆ ಹೆಚ್ಚಂದ್ರ 25,000 ರೂಪಾಯಿ. ಆಮೇಲೆ ಸಹಕಾರ ಸಂಘದ ಚಾಲ್ತಿ ಸಾಲಕ್ಕ 1 ಲಕ್ಷದವರೆಗೆ ಸೇರಿಸಿದ್ರು.

ಮನ್ನಾ ಆಗಲಿಲ್ಲ ಅಂತ ನಾ ಅನ್ನೂದಿಲ್ಲ, ಬಹಳ ಮಂದಿಗೆ ಆಗೈತಿ. ಆದ್ರ ನಮ್ಮ ಬಾಜೂ ಹೊಲದ ಕಾಕಾ ಎಮ್ಮಿ ಮಾರಿ, ತಾರೀಖಿಗೆ ಸರಿಯಾಗಿ ಸಾಲ ಕಟ್ಟಿದ್ರು. ಅದೇ ವರ್ಷ ಪಟ್ಟಿ ಹಚ್ಚಿದಾಗ ಅದರ ಮುಂದ ನಿಂತು, "ನಿಯತ್ತಿಗೆ ಇದು ದಂಡ ಏನಪಾ?" ಅಂದ್ರು. ಉತ್ತರ ಕೊಡಾಕ ಯಾರ ಕಡೀನೂ ಮಾತಿರಲಿಲ್ಲ. ಅಲ್ಲಿಂದ ಮುಂದ ಅವರು ಮತಗಟ್ಟಿಗೆ ಹೋದ್ರೂ ಸಭಾಕ್ಕ ಬರೂದು ಬಿಟ್ರು. ಒಂದು ಭರವಸೆ ಅರ್ಧ ಈಡೇರಿದ್ರ ರೊಕ್ಕದ ಜೋಡಿ ಮನಷ್ಯಾನ ನಂಬಿಕೆನೂ ಅರ್ಧ ಹೋಗತೈತಿ.

ಇನ್ನ ನಮ್ಮ ಮನಿ ಬಾಗಲಿಗೆ ಬರೋಣ. ಮೊದಲು ಹುಲಿಗುಡ್ಡ ಏತ ನೀರಾವರಿ ಅಂತಿದ್ವಿ, ಈಗ ಸಿಂಗಟಾಲೂರು ಅಂತೀವಿ. ಹಮ್ಮಿಗಿ ಹತ್ರ ತುಂಗಭದ್ರೆಗೆ ಬ್ಯಾರೇಜು ಆಯ್ತು, ಗೇಟು ಕೂತವು, ಪಂಪು ಕೂತವು. ಮುಂಡರಗಿ, ಗದಗ, ಶಿರಹಟ್ಟಿ ಕಡಿ ಪ್ರತಿ ಎಲೆಕ್ಷನ್ನಿನಾಗ ಎಲ್ಲಾ ಬಣ್ಣದ ಧ್ವಜದವರೂ ಈ ಹೆಸರು ಹೇಳೇ ಹೇಳತಾರ. ಹಂಗಾರ ನಿಂತದ್ದು ಎಲ್ಲಿ? ಎರಡು ಕಡೆ. ಒಂದು, ಬ್ಯಾರೇಜಿನಾಗ ಪೂರ್ತಿ ಎತ್ತರಕ್ಕ ನೀರು ನಿಲ್ಲಿಸಬೇಕಂದ್ರ ಹಿನ್ನೀರಿಗೆ ಸಿಗುವ ಹಳ್ಳಿಗಳ ಮಂದಿಗೆ ಬ್ಯಾರೆ ಕಡೆ ಮನಿ, ದಾರಿ, ನೀರು ಎಲ್ಲಾ ಆಗಬೇಕು. ಎರಡು, ದೊಡ್ಡ ಕಾಲುವಿಯಿಂದ ಹೊಲದ ತನಕ ನೀರು ಒಯ್ಯುವ ಸಣ್ಣ ಕಾಲುವಿ. ಬ್ಯಾರೇಜು ಉದ್ಘಾಟನೆಗೆ ಚೆಂದ ಕಾಣತೈತಿ, ಹೊಲಗಾಲುವಿಗೆ ಯಾರೂ ರಿಬ್ಬನ್ ಕತ್ತರಸೂದಿಲ್ಲ. ನಮ್ಮ ಮಾವನ ಹೊಲಕ್ಕ ನೀರು ಬರದೆ ಇದ್ದದ್ದೂ ಇದಕ್ಕೇ. ಐವತ್ತು ವರ್ಷ ಆತು, ನಿಂತ ಜಾಗ ಅದೇ ಐತಿ.

ಈಗ ಕಾಯ್ದೆ ಮಾತು. ಪ್ರಣಾಳಿಕೆಯೊಳಗಿನ ಮಾತು ತಪ್ಪಿದ್ರ ಕೋರ್ಟಿಗೆ ಹೋಗಬಹುದು ಅಂತ ಬಹಳ ಮಂದಿ ತಿಳಕೊಂಡಾರ. ಹಂಗಿಲ್ಲ. ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ 2013ರ ಜುಲೈ 5ರಂದು ಸುಪ್ರೀಂ ಕೋರ್ಟು, ಪ್ರಣಾಳಿಕೆಯ ಭರವಸೆ ಚುನಾವಣಾ ಭ್ರಷ್ಟಾಚಾರ ಆಗೂದಿಲ್ಲ ಅಂತ ಹೇಳಿತು. ಜತೀಗೆ ಪ್ರಣಾಳಿಕೆಗೆ ನಿಯಮ ಮಾಡ್ರಿ ಅಂತ ಚುನಾವಣಾ ಆಯೋಗಕ್ಕೂ ಹೇಳಿತು. ಆಯೋಗ ಮಾದರಿ ನೀತಿ ಸಂಹಿತೆಯೊಳಗ ಸೇರಿಸಿದ್ದು ಇಷ್ಟು: ಭರವಸೆಗೆ ಕಾರಣ ಇರಬೇಕು, ರೊಕ್ಕ ಎಲ್ಲಿಂದ ತರ್ತೀರಿ ಅನ್ನೋದನ್ನ ಸ್ಥೂಲವಾಗಿ ತಿಳಿಸಬೇಕು, ಈಡೇರಿಸಲು ಆಗುವಂಥಾ ಮಾತನ್ನಷ್ಟೇ ಹೇಳಬೇಕು. ಶಿಕ್ಷೆ ಏನಿಲ್ಲ. ಆದ್ರ "ರೊಕ್ಕ ಎಲ್ಲಿಂದ?" ಅಂತ ಕೇಳೂದು ನಮ್ಮ ಉದ್ಧಟತನ ಅಲ್ಲ, ಸಂಹಿತೆಯೊಳಗ ಇದ್ದ ಪ್ರಶ್ನೆ ಅಂತಾದರೂ ತಿಳೀರಿ.

ಬೆಟಗೇರಿ, ಗದಗ ಪ್ಯಾಟ್ಯಾಗ ನಾವು ತೂಕದ ಚೀಟಿ ಇಲ್ಲದ ಒಂದು ಚೀಲ ಮೆಣಸಿನಕಾಯಿ ಬಿಟ್ಟು ಬರೂದಿಲ್ಲ. ಓಟು ಮಾತ್ರ ಚೀಟಿ ಇಲ್ಲದ, ಮೊದಲೇ ಕೊಟ್ಟು ಬರ್ತೀವಿ. 1980ರಲ್ಲಿ ರೈತರ ಕೈಯಾಗ ಒಂದು ಹಿಡಿತ ಇತ್ತು. ಸರ್ಕಾರಕ್ಕ ಅವರಿಂದ ಕರ ಬೇಕಿತ್ತು, ಅವರು ಕೊಡೂದಿಲ್ಲ ಅಂದ್ರು. ಭರವಸೆ ವ್ಯವಹಾರದಾಗ ಅದು ತಿರುವಾಮುರುವಾ. ನಮಗ ಅವರಿಂದ ಬೇಕು, ಕೊಡೂದನ್ನ ನಾವು ಮೊದಲೇ ಕೊಟ್ಟಿರತೀವಿ. ಹಂಗಾಗಿ ನಮ್ಮ ಹಿಡಿತ ಕಾಗದದ ಮ್ಯಾಲಷ್ಟೇ ಉಳೀತೈತಿ.

ಕಾಗದ ಹಿಡಿಯೂದು ಕಷ್ಟ ಅಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 30 ದಿನದಾಗ ಉತ್ತರ ಕೊಡಬೇಕು. ನಮ್ಮೂರ ವಿತರಣಾ ಕಾಲುವಿಗೆ ಎಷ್ಟು ರೊಕ್ಕ ಮಂಜೂರು ಆಗೈತಿ, ಎಷ್ಟು ಖರ್ಚಾಗೈತಿ, ಯಾವ ಅನುಮತಿ ಬಾಕಿ, ಮುಗಿಸೂ ತಾರೀಖು ಯಾವ್ದು? ನಾಕು ಪ್ರಶ್ನೆ ಸಾಕು. ಮುಂದಿನ ಸಲ ಓಟು ಕೇಳಾಕ ಬಂದವರ ಮುಂದ ಘೋಷಣೆ ಕೂಗೂ ಬದಲು ಆ ಉತ್ತರದ ಝೆರಾಕ್ಸ್ ಇಡೋಣ. ಯಾವ ಪಕ್ಷದವರು ಬಂದ್ರೂ ಅದೇ ಝೆರಾಕ್ಸ್.

ನಮ್ಮ ಸೀಮಿಗೆ ಲೆಕ್ಕ ಹೊಸದಲ್ಲ. ಗದಗ ತಾಲೂಕಿನ ಕಣಗಿನಹಾಳದಾಗ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ರು. ಒಬ್ಬರ ಮ್ಯಾಲ ಒಬ್ಬರಿಗೆ ನಂಬಿಕೆ ಇದ್ದದ್ದಕ್ಕ ಅದು ನಡೀತು. ಆದ್ರ ನಂಬಿಕೆ ಐತಿ ಅಂತ ಖಾತೆ ಪುಸ್ತಕ ಬ್ಯಾಡ ಅನ್ನಲಿಲ್ಲ ಅವರು.

ನಮ್ಮ ಮಾವ ತೀರಿಕೊಂಡು ಬಹಳ ವರ್ಷ ಆತು. ಟ್ರಂಕು ಮನ್ಯಾಗೈತಿ, ಆ ನೋಟಿಸಿಗೆ ಗೆದ್ದಲು ಹತ್ತೈತಿ. ಇವತ್ತು ನರಗುಂದದ ವೀರಗಲ್ಲಿಗೆ ಎಲ್ಲಾ ಪಕ್ಷದವರೂ ಮಾಲಿ ಹಾಕತಾರ. ಹಾಕಲಿ. ನಾನು ನನ್ನ ಹೊಲದ ಲೆಕ್ಕದ ವಹಿಯ ಕೊನೇ ಹಾಳಿಯಾಗ, ನಮ್ಮೂರಿಗೆ ಯಾರು, ಯಾವತ್ತು, ಏನು ಹೇಳಿದ್ರು, ಅದು ಎಲ್ಲಿ ನಿಂತೈತಿ ಅಂತ ಬರಿಯಾಕ ಶುರು ಮಾಡೀನಿ. ಈಗ ಏಳು ಸಾಲು ಆಗ್ಯಾವ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡಿಯವರು ನಿಮ್ಮ ನಿಮ್ಮ ಊರಿಂದು ಒಂದೊಂದೇ ಸಾಲು ಬರೀರಿ. ಬೈಗುಳ ಬ್ಯಾಡ. ಕೆಲಸದ ಹೆಸರು, ಹೇಳಿದ ವರ್ಷ, ನಿಂತ ಜಾಗ, ಇಷ್ಟು ಸಾಕು. ಹೆಸರು ಬಿಡಿಸೂ ಹೊತ್ತಿಗೆ ಎಲ್ಲಾ ಕೂಡಿಸಿ ಒಂದು ಪಟ್ಟಿ ಮಾಡಿ ಹಾಕತೀನಿ.

ಶರಣು.